ಮತಪೆಟ್ಟಿಗೆಗೆ ಯಾರ ಅಪ್ಪಣೆ ಬೇಕು?

ಉರ್ದು ಶಾಲೆಯಲ್ಲಿ ಓದಿದ ನಮಗೆಲ್ಲ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಗೊತ್ತು. 1187ರಲ್ಲಿ ಜೆರುಸಲೇಮನ್ನು ಗೆದ್ದವರು, ಗೆದ್ದ ಊರಿನಲ್ಲಿ ಸೋತವರ ಕೊಲೆಗೆ ಇಳಿಯದವರು ಎಂದು ಮಾಸ್ಟರ್ ಸಾಹೇಬರು ಹೇಳುವಾಗ ನಮ್ಮ ಎದೆ ಉಬ್ಬುತ್ತಿತ್ತು. ಅವರು ಕುರ್ದ್ ಜನಾಂಗದವರು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಮುಸ್ಲಿಮ್ ಎಂದರೆ ಸಾಕಿತ್ತು. ಆದರೆ ಅದೇ ಸಲಾಹುದ್ದೀನರ ಜನ ತಮ್ಮ ಊರಿನ ಪುರಸಭೆಗೆ ಓಟು ಹಾಕಲು ಹೊರಟಾಗ, ಬೇಡ ಎಂದು ಗದರಿಸಿದವರು ಯಾರು, ಸುಮ್ಮನಿದ್ದವರು ಯಾರು ಎಂಬುದನ್ನು ಈಗಲಾದರೂ ನಾವು ಕೇಳಿಕೊಳ್ಳಬೇಕಾಗಿದೆ.

ಈಶಾನ್ಯ ಸಿರಿಯಾದ ಮಾತಿದು. 2012ರಲ್ಲಿ ಅಸದ್‌ನ ಸೇನೆ ಕುರ್ದರ ಊರುಗಳಿಂದ ಹಿಂದೆ ಸರಿದ ಮೇಲೆ ಅಲ್ಲಿ ಒಂದು ಸ್ವಾಯತ್ತ ಆಡಳಿತ ಹುಟ್ಟಿಕೊಂಡಿತು. ಐಸಿಸ್ ಅನ್ನು ಸೋಲಿಸುತ್ತ ಅದು ರಕ್ಕಾ, ದೈರುಝ್ಝೂರ್‌ನಂಥ ಅರಬ್ ಪ್ರದೇಶಗಳಿಗೂ ಹರಡಿತು. 2023ರ ಡಿಸೆಂಬರಿನಲ್ಲಿ ಆ ಆಡಳಿತ ‘ಸಾಮಾಜಿಕ ಒಪ್ಪಂದ’ ಎಂಬ ಹೆಸರಿನ ತನ್ನ ಸಂವಿಧಾನವನ್ನು ಹೊಸದಾಗಿ ಬರೆದುಕೊಂಡಿತು. ಅದರಂತೆ ಏಳು ಪ್ರಾಂತಗಳಲ್ಲಿ ಪುರಸಭೆಗಳಿಗೆ ಚುನಾವಣೆ ಎಂದಾಯಿತು. ಪ್ರತಿ ಪುರಸಭೆಗೂ ಇಬ್ಬರು ಅಧ್ಯಕ್ಷರು, ಒಬ್ಬ ಗಂಡಸು, ಒಬ್ಬ ಹೆಂಗಸು. ಮೊದಲು 2024ರ ಮೇ 30 ಎಂದರು, ಆಮೇಲೆ ಜೂನ್ 11 ಎಂದರು.

ಪುರಸಭೆ ಎಂದರೇನು? ಕುಡಿಯುವ ನೀರು, ರಸ್ತೆ, ಚರಂಡಿ, ಕಸ. ಇದರಿಂದ ಯಾವ ಸಾಮ್ರಾಜ್ಯ ಕುಸಿಯುತ್ತದೆ? ಆದರೂ ಮೇ 30ರಂದು ತುರ್ಕಿಯ ಅಧ್ಯಕ್ಷ ಎರ್ದೋಗಾನ್ ತಮ್ಮ ಸೇನೆಯ ಕವಾಯತಿನಲ್ಲಿ ನಿಂತು, ಚುನಾವಣೆಯ ನೆಪದಲ್ಲಿ ತಮ್ಮ ಗಡಿಯಾಚೆ ಭಯೋತ್ಪಾದಕರ ರಾಜ್ಯ ಕಟ್ಟಲು ಬಿಡುವುದಿಲ್ಲ ಎಂದರು. ಅದೇ ಹೊತ್ತಿಗೆ ಅಮೆರಿಕದ ವಿದೇಶಾಂಗ ಇಲಾಖೆ, ನ್ಯಾಯಯುತ ಚುನಾವಣೆಗೆ ಬೇಕಾದ ಪರಿಸ್ಥಿತಿ ಅಲ್ಲಿ ಇಲ್ಲ ಎಂದಿತು. ಐಸಿಸ್ ವಿರುದ್ಧದ ಯುದ್ಧದಲ್ಲಿ ಕುರ್ದರ ನಾಯಕತ್ವದ ಪಡೆ ತನ್ನ 11,000 ಮಂದಿ ಸತ್ತರು ಎಂದು ಲೆಕ್ಕ ಕೊಟ್ಟಿದೆ. ಅವರು ಸಾಯುವುದಕ್ಕೆ ಅಮೆರಿಕಕ್ಕೆ ಪರಿಸ್ಥಿತಿ ಸರಿಯಾಗಿತ್ತು. ಓಟು ಹಾಕುವುದಕ್ಕೆ ಮಾತ್ರ ಸರಿಯಿರಲಿಲ್ಲ!

ಪರಿಸ್ಥಿತಿಯನ್ನು ಕೆಡಿಸಿದವರಾದರೂ ಯಾರು? 2018ರ ಮಾರ್ಚಿನಲ್ಲಿ ಅಫ್ರೀನನ್ನು ವಶಪಡಿಸಿಕೊಂಡದ್ದು ತುರ್ಕಿ. 2019ರ ಅಕ್ಟೋಬರಿನಲ್ಲಿ ರಾಸ್ ಅಲ್ ಐನ್‌ಗೆ ನುಗ್ಗಿದ್ದೂ ತುರ್ಕಿ. ಹಸಕಾ ಪಟ್ಟಣಕ್ಕೆ ನೀರು ಕೊಡುವ ಅಲೂಕ್ ಕೇಂದ್ರ ಅಂದಿನಿಂದ ಮತ್ತೆ ಮತ್ತೆ ನಿಂತು ಲಕ್ಷಾಂತರ ಜನ ಟ್ಯಾಂಕರಿಗೆ ಕಾದರು. 2023ರ ಅಕ್ಟೋಬರಿನಲ್ಲಿ ಅಲ್ಲಿನ ವಿದ್ಯುತ್ ಕೇಂದ್ರಗಳ ಮೇಲೆ ಬಾಂಬು ಬಿತ್ತು. ಮನೆಗೆ ಬೆಂಕಿ ಹಚ್ಚಿದವನೇ ಬಂದು, ಇಲ್ಲಿ ಹೊಗೆ ಜಾಸ್ತಿ, ಮದುವೆ ಮುಂದೂಡಿ ಎಂದ ಹಾಗಾಯಿತು. ಜೂನ್ 6ರಂದು ಚುನಾವಣೆಯನ್ನು ಆಗಸ್ಟಿಗೆ ಮುಂದೂಡಿದರು. ಆಗಸ್ಟ್ ಬಂತು, ಹೋಯಿತು. ಮತದಾನ ನಡೆಯಲಿಲ್ಲ.

ತುರ್ಕಿಗೆ ಗಡಿಯ ಚಿಂತೆ ಎನ್ನುವವರು ಅದೇ ವಾರ ಗಡಿಯ ಈಚೆ ನಡೆದದ್ದನ್ನೂ ನೋಡಬೇಕು. 2024ರ ಮಾರ್ಚ್ 31ರಂದು ತುರ್ಕಿಯಲ್ಲೇ, ತುರ್ಕಿಯ ಕಾನೂನಿನಂತೆಯೇ ಚುನಾವಣೆ ನಡೆಯಿತು. ಹಕ್ಕಾರಿ ಪಟ್ಟಣದಲ್ಲಿ ಕುರ್ದರ ಪಕ್ಷದ ಅಭ್ಯರ್ಥಿ ಗೆದ್ದರು. ಜೂನ್ 3ರಂದು ಅವರನ್ನು ಬಂಧಿಸಿ, ಸರಕಾರ ನೇಮಿಸಿದ ಗವರ್ನರನನ್ನೇ ಆ ಕುರ್ಚಿಯಲ್ಲಿ ಕೂರಿಸಲಾಯಿತು. ನವೆಂಬರಿನಲ್ಲಿ ಮಾರ್ದಿನ್, ಬಾತ್ಮಾನ್ ಪಟ್ಟಣಗಳಿಗೂ ಇದೇ ಗತಿಯಾಯಿತು. ಹೀಗೆ ನೇಮಕಗೊಂಡವನನ್ನು ಅಲ್ಲಿ ‘ಕಯ್ಯೂಮ್’ ಎನ್ನುತ್ತಾರೆ. ಆಯತುಲ್ ಕುರ್ಸಿ ಓದುವ ನಮ್ಮ ಕಿವಿಗೆ ಆ ಶಬ್ದ ಕೇಳುವಾಗ ಮೈ ಝುಂ ಎನ್ನುತ್ತದೆ. ಎಲ್ಲವನ್ನೂ ಪಾಲಿಸುವವನ ಹೆಸರಿನಂತೆ ಕೇಳುವ ಪದವನ್ನು ಜನರ ಓಟು ಕಸಿದವನಿಗೆ ಕೊಟ್ಟಿದ್ದಾರೆ.

ನಮ್ಮವರಲ್ಲಿ ಕೆಲವರಿಗೆ ಈ ಮಾತು ಹಿಡಿಸುವುದಿಲ್ಲ. ‘ಎರ್ತುಗ್ರುಲ್’ ಧಾರಾವಾಹಿಯನ್ನು ಉರ್ದುವಿನಲ್ಲಿ ನೋಡಿ ಕಣ್ಣೊರೆಸಿಕೊಂಡವರಿಗೆ ತುರ್ಕಿಯ ದೊರೆ ಉಮ್ಮತ್ತಿನ ಆಸರೆಯಾಗಿ ಕಾಣುತ್ತಾರೆ. ಕುರ್ದರು ಅಮೆರಿಕದ ಏಜೆಂಟರು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಸ್ವಾಮಿ, ತುರ್ಕಿ 1952ರಿಂದ ನ್ಯಾಟೋ ಸದಸ್ಯ. ಏಜೆಂಟರ ಪಟ್ಟಿ ಬರೆಯುವುದೇ ಆದರೆ ಮೊದಲ ಸಾಲಿನಿಂದ ಬರೆಯೋಣ. ಕುರ್ದರಲ್ಲಿ ಬಹುಪಾಲು ಸುನ್ನಿ ಮುಸ್ಲಿಮರು. ಗಾಜಾದ ಮಗು ನಮ್ಮ ಮಗು ಎನ್ನುವ ನಾವು, ಅಫ್ರೀನಿನಿಂದ ಓಡಿಹೋದ ಮಗುವನ್ನು ಕಾಣದೆ ಹೋದರೆ ನಮ್ಮದು ಕರುಣೆಯಲ್ಲ, ಪಕ್ಷಪಾತ. ದಬ್ಬಾಳಿಕೆ ಮಾಡುವವನು ನಮಾಜು ಮಾಡುತ್ತಾನೆ ಎಂಬ ಕಾರಣಕ್ಕೆ ದಬ್ಬಾಳಿಕೆ ಹಲಾಲ್ ಆಗುವುದಿಲ್ಲ.

ಇನ್ನೊಂದು ಆಕ್ಷೇಪವಿದೆ, ಅದು ಪ್ರಾಮಾಣಿಕವಾದದ್ದು. ಆ ಆಡಳಿತದಲ್ಲಿ ಒಂದೇ ಪಕ್ಷದ ಯಜಮಾನಿಕೆ ಇತ್ತು. ಕುರ್ದರದ್ದೇ ಇನ್ನೊಂದು ಕೂಟವಾದ ಕುರ್ದಿಶ್ ರಾಷ್ಟ್ರೀಯ ಮಂಡಳಿ ಈ ಚುನಾವಣೆಯನ್ನು ಒಪ್ಪಲಿಲ್ಲ. ಅರಬ್ ಊರುಗಳಲ್ಲಿ ಅಸಮಾಧಾನವಿತ್ತು. 2017ರಲ್ಲಿ ಮೂರು ಹಂತದ ಚುನಾವಣೆ ಎಂದು ಹೇಳಿ ಎರಡು ಹಂತ ಮುಗಿಸಿ, ಮೂರನೆಯದನ್ನು ನಡೆಸದೆ ಬಿಟ್ಟವರೂ ಅವರೇ. ಇದೆಲ್ಲ ನಿಜ. ಆದರೆ ಒಂದೇ ಪಕ್ಷದ ಯಜಮಾನಿಕೆಗೆ ಮದ್ದು ಇನ್ನಷ್ಟು ಚುನಾವಣೆಯೇ ಹೊರತು ಚುನಾವಣೆಯನ್ನು ನಿಲ್ಲಿಸುವುದಲ್ಲ. ವೀಕ್ಷಕರನ್ನು ಕಳಿಸುತ್ತೇವೆ, ಎಣಿಕೆ ನೋಡುತ್ತೇವೆ ಎಂದು ಅಮೆರಿಕ ಹೇಳಬಹುದಿತ್ತು. ಹೇಳಲಿಲ್ಲ.

ಬೆದರಿಕೆಗೆ ಮಣಿದ ಆಡಳಿತವೂ ಅದರ ಬೆಲೆ ತೆತ್ತಿತು. 2026ರ ಜನವರಿಯಲ್ಲಿ ಡಮಾಸ್ಕಸ್‌ನ ಸೇನೆ ರಕ್ಕಾ, ದೈರುಝ್ಝೂರ್‌ಗಳಿಗೆ ನುಗ್ಗಿದಾಗ ಅಲ್ಲಿನ ಅರಬ್ ಬುಡಕಟ್ಟುಗಳ ಬಹಳಷ್ಟು ಹೋರಾಟಗಾರರು ಆ ಕಡೆ ಸೇರಿಕೊಂಡರು. ಇವು ನಮ್ಮ ಪುರಸಭೆಗಳು, ನಾವೇ ಆರಿಸಿದವು ಎನ್ನಲು ಜನರ ಕೈಯಲ್ಲಿ ಏನಿತ್ತು? ಓಟಿನ ಮೂಲಕ ಹೇಳಬೇಕಾದದ್ದನ್ನು ಬಂದೂಕು ಹೇಳಿತು. ತಿಂಗಳ ಕೊನೆಯ ಒಪ್ಪಂದದಲ್ಲಿ ಸ್ವಾಯತ್ತ ಆಡಳಿತದ ಸಂಸ್ಥೆಗಳು ಸರಕಾರದೊಳಗೆ ಸೇರಬೇಕೆಂದಾಯಿತು.

ಡಮಾಸ್ಕಸ್‌ನ ಹೊಸ ಸರಕಾರದ ಚುನಾವಣೆ ಹೇಗಿತ್ತು? 2025ರ ಅಕ್ಟೋಬರ್ 5ರಂದು ಸಂಸತ್ತಿಗೆ ಆಯ್ಕೆ ನಡೆಯಿತು. ಓಟು ಹಾಕಿದ್ದು ಸಾಮಾನ್ಯ ಜನರಲ್ಲ, ಆರಿಸಿದ ಮತದಾರ ಮಂಡಳಿಗಳು. 210 ಸ್ಥಾನಗಳಲ್ಲಿ ಮೂರನೆಯ ಒಂದು ಭಾಗ ಅಧ್ಯಕ್ಷರ ನೇಮಕಕ್ಕೆ ಮೀಸಲು. ಅಂದು ಗೆದ್ದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕುರ್ದರು ಹಿಡಿದಿದ್ದ ರಕ್ಕಾ, ಹಸಕಾ ಪ್ರದೇಶಗಳಲ್ಲಿ ಆ ದಿನ ಮತದಾನವೇ ಇರಲಿಲ್ಲ. ಈ ಚುನಾವಣೆಯನ್ನು ನಿಲ್ಲಿಸಿ ಎಂದು ಅಂಕಾರಾ ಗದರಿಸಲಿಲ್ಲ.

ಅಕ್ಟೋಬರ್ 5 ಎಂಬ ದಿನವನ್ನು ಹಸಕಾದ ಕುರ್ದರು ಮರೆಯುವಂತಿಲ್ಲ. 1962ರಲ್ಲಿ ಅದೇ ದಿನ ಅಲ್ಲಿ ಒಂದೇ ದಿನದ ಜನಗಣತಿ ನಡೆಸಿ ಸುಮಾರು 1,20,000 ಕುರ್ದರ ಪೌರತ್ವ ಕಿತ್ತುಕೊಳ್ಳಲಾಯಿತು. ಅದು ಒಂದು ಸರಕಾರಿ ಆದೇಶದಿಂದ ಆದದ್ದು. 2011ರಲ್ಲಿ ಜನ ಬೀದಿಗಿಳಿದಾಗ ಅಸದ್ ಇನ್ನೊಂದು ಆದೇಶದಿಂದ ಅವರಲ್ಲಿ ಹಲವರಿಗೆ ಪೌರತ್ವ ಮರಳಿಸಿದ. 2026ರ ಜನವರಿಯಲ್ಲಿ ಅಧ್ಯಕ್ಷ ಅಹ್ಮದ್ ಅಲ್ ಶರಾ ಮತ್ತೊಂದು ಆದೇಶ ಹೊರಡಿಸಿ ಕುರ್ದಿಶ್ ಭಾಷೆಗೆ ಮಾನ್ಯತೆ ಕೊಟ್ಟರು, ನೌರೋಝಿಗೆ ರಜೆ ಕೊಟ್ಟರು, ಉಳಿದವರಿಗೂ ಪೌರತ್ವ ಎಂದರು. ಒಳ್ಳೆಯದೇ. ಆದರೆ ಒಬ್ಬ ದೊರೆ ಕಾಗದದಲ್ಲಿ ಬರೆದು ಕೊಟ್ಟದ್ದನ್ನು ಮುಂದಿನ ದೊರೆ ಕಾಗದದಲ್ಲೇ ಅಳಿಸಬಲ್ಲ. ಅರವತ್ತು ವರ್ಷಗಳಿಂದ ಕುರ್ದರು ಇದನ್ನೇ ನೋಡಿದ್ದಾರೆ. ಅವರು ಕೇಳಿದ್ದು ದಾನವಲ್ಲ. ಊರಿನ ನಲ್ಲಿಗೆ ನೀರು ಬಿಡುವವನನ್ನು ತಾವೇ ಆರಿಸಿ, ಕೆಲಸ ಮಾಡದಿದ್ದರೆ ತಾವೇ ಇಳಿಸುವ ಹಕ್ಕು.

ಅಷ್ಟನ್ನು ಕೊಡಲಾರದವರು ಸಲಾಹುದ್ದೀನರ ಹೆಸರು ಹೇಳಿ ಎದೆ ಉಬ್ಬಿಸಬಾರದು. ಅದನ್ನು ನೋಡಿಯೂ ಸುಮ್ಮನಿರುವ ನಾವೂ ಉಬ್ಬಿಸಬಾರದು.