ಬಣ್ಣದವರಿಗಿಂತ ಮೊದಲು ಉತಾರ

ಮನೆ ಮಾರಬೇಕು ಎಂದಾಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಬಹಳ ಮಂದಿ ಮೊದಲು ಕರೆಯುವುದು ಬಣ್ಣದವರನ್ನು. ಎರಡು ಕೋಟು ಹೊಡೆಸಿ, ಹಿತ್ತಲು ಹಸನು ಮಾಡಿ, ಅಟ್ಟದ ಮೇಲಿನ ಹಳೆ ಡಬ್ಬಿಗಳನ್ನು ಗುಜರಿಗೆ ಹಾಕಿದರೆ ತಯಾರಿ ಮುಗಿಯಿತು ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಇದೇ ಒಂದು ಉದ್ಯೋಗ: ಬಾಡಿಗೆ ಸೋಫಾ, ಪರದೆ, ಹೂದಾನಿ ತಂದಿಟ್ಟು ಖಾಲಿ ಮನೆಯನ್ನು ಸಿಂಗರಿಸಿ ಗಿರಾಕಿಗೆ ತೋರಿಸುವವರಿದ್ದಾರೆ. ಚೊಕ್ಕಟ ಮನೆಗೆ ನಾಲ್ಕು ಕಾಸು ಹೆಚ್ಚು ಬರಬಹುದು, ತಪ್ಪೇನಿಲ್ಲ. ಆದರೆ ಈ ಭಾಗದಲ್ಲಿ ಮಾತುಕತೆ ಮುರಿದುಬೀಳುವುದು ಗೋಡೆ ಮಾಸಿದ್ದಕ್ಕಲ್ಲ, ಕಾಗದ ಸರಿ ಇಲ್ಲದ್ದಕ್ಕೆ.

ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತ ಗಿರಾಕಿ ಕೇಳುವ ಪ್ರಶ್ನೆ ಒಂದೇ: ‘ಉತಾರ ಯಾರ ಹೆಸರಿನಾಗ ಐತ್ರಿ?’ ಎಷ್ಟೋ ಮನೆಗಳಲ್ಲಿ ಉತಾರದ ಮೇಲೆ ಎಂದೋ ತೀರಿಕೊಂಡ ಅಜ್ಜನ ಹೆಸರಿರುತ್ತದೆ. ಹೆಸ್ಕಾಂ ಬಿಲ್ಲೂ ಅವರ ಹೆಸರಿನಲ್ಲೇ ಬರುತ್ತಿರುತ್ತದೆ. ವಾರಸಾ ಮಾಡಿಸದೆ ಇ-ಖಾತೆ ಆಗುವುದಿಲ್ಲ. 2024ರ ಅಕ್ಟೋಬರ್‌ನಿಂದ ರಾಜ್ಯದ ನಗರ, ಪಟ್ಟಣಗಳಲ್ಲಿ ಇ-ಖಾತೆ ಇಲ್ಲದೆ ನೋಂದಣಿಯೂ ಆಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಸಂಚಕಾರ ಪಡೆದ ಮೇಲೆ ಇವಕ್ಕೆಲ್ಲ ಓಡಾಡಲು ಹೊರಟರೆ ಗಿರಾಕಿ ಕಾಯುವುದಿಲ್ಲ.

ಬೋಜಾ ಕಥೆಯೂ ಹೀಗೇ. ಸೊಸೈಟಿಯ ಸಾಲ ಎಂದೋ ತೀರಿರುತ್ತದೆ, ದಾಖಲೆಯಲ್ಲಿ ಮಾತ್ರ ಹಾಗೇ ಉಳಿದಿರುತ್ತದೆ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು; ಅದಕ್ಕೂ ಹಿಂದಿನದು ಬೇಕೆಂದರೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲೇ ಅರ್ಜಿ ಕೊಡಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹೆಣ್ಣುಮಕ್ಕಳ ಸಹಿ. ‘ತಂಗಿಯನ್ನ ಹಾನಗಲ್ಲಿಗೆ ಕೊಟ್ಟು ಇಪ್ಪತ್ತು ವರ್ಷ ಆತು, ಆಕಿಗೇನು ಕೇಳೋದು’ ಎನ್ನುವ ಮಾತು ಇನ್ನೂ ಕೇಳಿಬರುತ್ತದೆ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟಿತ್ತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಪಿತ್ರಾರ್ಜಿತ ಮನೆಯನ್ನು ಆಕೆಯನ್ನು ಕೇಳದೆ ಮಾರಿದರೆ ದಾವೆಯನ್ನೂ ಜೊತೆಗೇ ಮಾರಿದಂತೆ. ಕಾನೂನಿಗೆ ಹೆದರಿ ಅಲ್ಲ, ಅದು ಆಕೆಯ ಪಾಲು ಎಂಬ ಕಾರಣಕ್ಕೇ ಕೇಳಬೇಕು.

ಇನ್ನು ಗೋಡೆ. ಜಿಲ್ಲೆಯ ಹಲವೆಡೆ ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಪಾಯ ಆಳವಿಲ್ಲದ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಮಾರುವ ತಿಂಗಳಲ್ಲಿ ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ತಯಾರಿಯಲ್ಲ, ಮೋಸ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುವುದೂ ಇದನ್ನೇ: ತನಗೆ ಗೊತ್ತಿರುವ, ಕೊಳ್ಳುವವರ ಕಣ್ಣಿಗೆ ಸುಲಭಕ್ಕೆ ಬೀಳದ ದೊಡ್ಡ ದೋಷವನ್ನು ಮಾರುವವನೇ ತಿಳಿಸಬೇಕು. ಸೋರುವ ಮಾಳಿಗೆಯನ್ನು ನಿಜವಾಗಿ ದುರಸ್ತಿ ಮಾಡಿಸಲಿ. ಆಗದಿದ್ದರೆ ತೋರಿಸಿ, ದರದಲ್ಲಿ ಬಿಡಲಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 1ರಿಂದ 2ಕ್ಕೆ ಏರಿದೆ. ಅಷ್ಟು ಖರ್ಚು ಮಾಡಿ ಬರುವ ಕುಟುಂಬ ಮೊದಲ ಮಳೆಗೇ ಪಾತ್ರೆ ಇಟ್ಟುಕೊಂಡು ಕೂರಬಾರದು.

ಮನೆ ಮಾರುವ ಮನಸ್ಸಿರುವವರು ಈ ವಾರವೇ ಟ್ರಂಕು ತೆಗೆದು ಕಾಗದಗಳನ್ನು ಹೊರಗೆ ಹಾಕಲಿ, ಅಕ್ಕತಂಗಿಯರಿಗೆ ಫೋನ್ ಮಾಡಲಿ, ನಗರಸಭೆಗೋ ಪುರಸಭೆಗೋ ಒಮ್ಮೆ ಹೋಗಿ ಖಾತೆ ನೋಡಿಸಲಿ. ಬಣ್ಣದವರನ್ನು ಆಮೇಲೆ ಕರೆದರಾಯಿತು.