ಆಟ ತಿಳಿಯದಿದ್ದರೇನು?

ತಾನು ಆಡದ, ನೋಡದ ಆಟದ ಮೇಲೆ ಬರೆದ ಕಾದಂಬರಿಯನ್ನು ಓದಿ ಆಗಬೇಕಾದದ್ದೇನು ಎಂದು ಕೇಳುವವರುಂಟು. ಅದರಲ್ಲೂ ರಗ್ಬಿ! ಆ ಮೊಟ್ಟೆಯಾಕಾರದ ಚೆಂಡನ್ನು ನಮ್ಮ ಓದುಗರಲ್ಲಿ ಎಷ್ಟು ಮಂದಿ ಕೈಯಲ್ಲಿ ಹಿಡಿದಿದ್ದಾರು? ಆದರೂ ಡೇವಿಡ್ ಸ್ಟೋರಿಯವರ ‘ದಿಸ್ ಸ್ಪೋರ್ಟಿಂಗ್ ಲೈಫ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಓದಬಲ್ಲವರು ಓದಬೇಕು, ಉಳಿದವರಿಗೆ ಅದರ ಕಥೆ ಹೇಳಬೇಕು ಎಂದು ನಾವು ಬಯಸುತ್ತೇವೆ. ಅದರ ತಿರುಳಿರುವುದು ಆಟದ ನಿಯಮಗಳಲ್ಲಲ್ಲ, ದುಡಿಯುವವನ ಮೈಗೆ ಕಟ್ಟುವ ಬೆಲೆಯಲ್ಲಿ.

ಈ ಆಟದ ಒಂದು ಪಂಗಡ ಹುಟ್ಟಿದ್ದೇ ಕೂಲಿಯ ತಕರಾರಿನಿಂದ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಷೈರ್ ಸೀಮೆಗಳಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಬಹುಮಂದಿ ಗಿರಣಿಯವರು, ಗಣಿಯವರು. ಶನಿವಾರ ಪಂದ್ಯಕ್ಕೆ ಹೊರಟರೆ ಆ ಹೊತ್ತಿನ ಕೂಲಿ ಖೋತಾ. ಅದನ್ನಾದರೂ ತುಂಬಿಕೊಡಲು ಬಿಡಿ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. 1893ರಲ್ಲಿ ರಗ್ಬಿ ಒಕ್ಕೂಟ ಒಪ್ಪಲಿಲ್ಲ. ಹಣ ಮುಟ್ಟಿದರೆ ಆಟ ಮೈಲಿಗೆಯಂತೆ! ಅನ್ನದ ಚಿಂತೆಯಿಲ್ಲದವರಿಗೆ ಇಂಥ ಮಡಿ ಸುಲಭ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಆ ಕ್ಲಬ್ಬುಗಳು ಬೇರೆಯಾದವು. ಕೆಲಸ ಬಿಟ್ಟು ಆಡಲು ಬಂದವನಿಗೆ ದಿನಕ್ಕೆ 6 ಷಿಲಿಂಗಿನವರೆಗೆ ಕೊಡುವುದೆಂದು ನಿಶ್ಚಯವಾಯಿತು. ಮುಂದೆ ಇದೇ 13 ಜನರ ರಗ್ಬಿ ಲೀಗ್ ಆಯಿತು. ಹಳೆಯ ಪಂಗಡ ಆಟಗಾರರಿಗೆ ಹಣ ಕೊಡಲು ಬಹಿರಂಗವಾಗಿ ಒಪ್ಪಿದ್ದು 1995ರಲ್ಲಿ, ಭರ್ತಿ ನೂರು ವರ್ಷಗಳ ಮೇಲೆ.

ಸ್ಟೋರಿಯವರು ವೇಕ್‌ಫೀಲ್ಡಿನ ಗಣಿ ಕಾರ್ಮಿಕನ ಮಗ. ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಚಿತ್ರಕಲೆ ಕಲಿಯುತ್ತಲೇ ಲೀಡ್ಸ್ ಕ್ಲಬ್ಬಿಗೆ ಆಡಿ ಹಣ ಪಡೆದವರು. 1960ರಲ್ಲಿ ಪ್ರಕಟವಾದ ಅವರ ಕಾದಂಬರಿಯ ನಾಯಕ ಆರ್ಥರ್ ಮೇಚಿನ್ ವಾರವಿಡೀ ಕಾರ್ಖಾನೆಯಲ್ಲಿ ದುಡಿದು, ಶನಿವಾರ ಆಡುತ್ತಾನೆ. ಕಾರ್ಖಾನೆಯ ಮಾಲೀಕ ವೀವರನೇ ಕ್ಲಬ್ಬಿಗೂ ದೊಡ್ಡ ಧಣಿ. ಆರು ದಿನದ ಯಜಮಾನನಿಗೇ ಏಳನೆಯ ದಿನದ ಆಟವೂ ಸಲ್ಲುತ್ತದೆ! ಮೇಚಿನ್ ಬಾಡಿಗೆಗಿರುವುದು ಮಿಸೆಸ್ ಹ್ಯಾಮಂಡ್ ಎಂಬ ವಿಧವೆಯ ಮನೆಯಲ್ಲಿ. ಅವಳ ಗಂಡ ಸತ್ತದ್ದು ಅದೇ ವೀವರನ ಕಾರ್ಖಾನೆಯಲ್ಲಿ. ಸತ್ತವನ ಬೂಟುಗಳು ಇನ್ನೂ ಒಲೆಯ ಬಳಿ ಇವೆ. ಇದನ್ನು ತಿಳಿಯಲು ರಗ್ಬಿ ಬರಬೇಕೆ?

ಪಂದ್ಯದ ವರ್ಣನೆಯಲ್ಲಿ ನಮಗೆ ಅರ್ಥವಾಗದ ಮಾತುಗಳಿವೆ ನಿಜ. ಯಾರು ಎಲ್ಲಿ ನಿಂತರು, ಅಂಕ ಹೇಗೆ ಬಂತು ಎಂಬುದು ಆ ಆಟ ಬಲ್ಲವನಿಗೆ ಹೆಚ್ಚಿನ ಸುಖ ಕೊಟ್ಟೀತು. ಆದರೆ ಕೆಸರು, ಏದುಸಿರು, ಮುರಿದ ಹಲ್ಲು, ಬಿದ್ದವನ ಮೇಲೆ ಬೀಳುವ ಮೈಭಾರ ಇವಕ್ಕೆ ನಿಘಂಟು ಬೇಡ. ಹುತುತು ಆಡಿದವನಿಗೆ, ಗರಡಿಯ ಮಣ್ಣು ಮೆತ್ತಿಕೊಂಡವನಿಗೆ ಅಷ್ಟು ಸಾಕು. ಆಟದ ಹುಚ್ಚು ಹಿಡಿದವನು ಗೆದ್ದವರಾರು ಎಂದು ಪುಟ ತಿರುವುತ್ತಾನೆ. ಆಟ ಅರಿಯದವನ ಕಣ್ಣು ನೇರವಾಗಿ ಮನುಷ್ಯನ ಮೇಲೆ ನಿಲ್ಲುತ್ತದೆ.

ಮೇಚಿನ್ ತನ್ನನ್ನು ಕೊಂಡುಕೊಂಡರೆಂದು ಮೊದಲು ಹಿಗ್ಗುತ್ತಾನೆ. ಕೊನೆಗೆ ವಯಸ್ಸೇರಿ ಕಾಲು ಸೋಲುತ್ತದೆ. ಸರಕು ಹಳೆಯದಾದಂತೆ ದರ ಇಳಿಯುವುದನ್ನು ನಮ್ಮ ವ್ಯಾಪಾರಿ ಮಿತ್ರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಸರಕೆಂದರೆ ಒಬ್ಬ ಮನುಷ್ಯನ ಭುಜ, ಮೊಣಕಾಲು, ಹಲ್ಲು. ಅಷ್ಟೇ ವ್ಯತ್ಯಾಸ.

ಹಾಗಾಗಿ ಗೆಳೆಯರೆ, ‘ಇದು ನಮಗೆ ತಿಳಿಯದ ವಿಷಯ’ ಎಂದು ಪುಸ್ತಕವನ್ನು ದೂರ ತಳ್ಳಬೇಡಿ. ಓದಿದವರ ಸೊತ್ತು, ಬಲ್ಲವರ ಸೊತ್ತು ಎಂದು ಹೆದರಿಸಿ ಎಷ್ಟೋ ಒಳ್ಳೆಯ ಪುಸ್ತಕಗಳನ್ನು ದುಡಿಯುವವರಿಂದ ದೂರವಿರಿಸಿದ್ದಾರೆ. ತಿಳಿಯದ ಪದವನ್ನು ದಾಟಿ ಮುಂದೆ ಓದಿ. ನಿಮ್ಮ ಊರಿನ ವಾಚನಾಲಯದಲ್ಲಿ ಇಂಥ ಪುಸ್ತಕ ಇಲ್ಲವಾದರೆ ತರಿಸಿಕೊಡಿರೆಂದು ಕೇಳಿ. ಕೇಳುವುದು ನಿಮ್ಮ ಹಕ್ಕು.