ಒಂದು ‘ಎ’ಗೆ ಹೋದ ಮಾರ್ಕ್ಸ್

ಕಳೆದ ಸೆಮ್‌ನ ಲ್ಯಾಬ್ ರೆಕಾರ್ಡಿನಲ್ಲಿ ‘ಫ್ಯೂ ರೀಡಿಂಗ್ಸ್ ಮ್ಯಾಚ್ಡ್’ ಅಂತ ಬರೆದಿದ್ದೆ. ವೈವಾದಲ್ಲಿ ಮೇಡಂ, ‘ಹಾಗಾದ್ರೆ ನಿನ್ನ ಎಕ್ಸ್‌ಪೆರಿಮೆಂಟ್ ಫೇಲ್ ತಾನೆ?’ ಅಂದ್ರು. ನಾನು ಹೇಳಹೊರಟಿದ್ದು ‘ಕೆಲವು ಮ್ಯಾಚ್ ಆದವು’ ಅಂತ. ಬರೆದದ್ದು ‘ಕೆಲವೇ ಮ್ಯಾಚ್ ಆದವು’ ಅಂತ. ‘ಎ ಫ್ಯೂ’ನಲ್ಲಿನ ಒಂದಕ್ಷರ ಬಿಟ್ಟಿದ್ದಕ್ಕೆ ಮಾರ್ಕ್ಸ್ ಹೋಯ್ತು.

ಎಲ್‌ಕೆಜಿಯಿಂದಲೂ ನಾನು ಇಂಗ್ಲಿಷ್ ಮೀಡಿಯಂ. ಆದ್ರೂ ಇದು ತಲೆಗೆ ಹೋಗಿದ್ದು ಕನ್ನಡದಲ್ಲಿ ಯೋಚಿಸಿದಾಗಲೇ. ಇಂಗ್ಲಿಷಲ್ಲಿ ‘ಎ’ ತೆಗೆದರೆ ಆಗುವ ಕೆಲಸ ನಮ್ಮಲ್ಲಿ ‘ಏ’ ಸೇರಿಸಿದರೆ ಆಗುತ್ತೆ. ‘ಎ ಲಿಟಲ್ ಟೈಮ್’ ಅಂದ್ರೆ ಸ್ವಲ್ಪ ಟೈಮ್ ಇದೆ, ಟೀ ಕುಡಿಯಬಹುದು. ‘ಲಿಟಲ್ ಟೈಮ್’ ಅಂದ್ರೆ ಸ್ವಲ್ಪವೇ ಇದೆ, ಓಡು!

ಕನ್ನಡ ಕೈಕೊಡುವ ಜಾಗವೂ ಇದೆ. ನಮ್ಮ ‘ತುಂಬಾ’ ‘ವೆರಿ’ಗೂ ಸೈ, ‘ಟೂ’ಗೂ ಸೈ. ಹಾಗಾಗಿ ‘ಎಫಿಶಿಯೆನ್ಸಿ ಈಸ್ ಟೂ ಹೈ’ ಅಂತ ಬರೆದು ಖುಷಿಪಡ್ತೀವಿ. ಓದುವವರಿಗೆ ಮಾತ್ರ ‘ಇಷ್ಟು ಬರಬಾರದಿತ್ತು’ ಅಂತ ಕೇಳಿಸುತ್ತೆ. ‘ಅತಿಯಾಯ್ತು’ ಅನ್ನೋ ಕಡೆ ‘ಟೂ’ ಹಾಕಿ, ಉಳಿದ ಕಡೆ ‘ವೆರಿ’ ಸಾಕು.

ಗ್ರಾಮರ್ ಪೊಲೀಸ್ ಆಗ್ಬೇಕಿಲ್ಲ. ಕ್ಯಾಂಟೀನಲ್ಲಿ ‘ಟೂ ಗುಡ್ ಮಚ್ಚಾ’ ಅನ್ನಿ, ಯಾರೂ ಮಾರ್ಕ್ಸ್ ಕಟ್ ಮಾಡಲ್ಲ. ರಿಪೋರ್ಟ್ ಬರೆಯುವಾಗ ಮಾತ್ರ ಒಮ್ಮೆ ಕನ್ನಡದಲ್ಲಿ ಹೇಳಿ ನೋಡಿ: ‘ಕೆಲವು’ ಅನ್ನಬೇಕಾ, ‘ಕೆಲವೇ’ ಅನ್ನಬೇಕಾ?